ಹದಕ್ಕೆ ಬಂದ ಹಾಡುಗಳು: ಬೀಟಲ್ಸ್ ತಂಡದ ‘ರಬ್ಬರ್ ಸೋಲ್’

ಕನ್ನಡದಲ್ಲಿ ‘ಹದ’ ಎಂಬ ಮಾತೊಂದಿದೆ. ಮೊದಲ ಮಳೆ ಕುಡಿದ ಹೊಲಕ್ಕೂ, ಒಲೆಯ ಮೇಲೆ ಕುದಿಯುವ ಬೆಲ್ಲದ ಪಾಕಕ್ಕೂ, ಮೃದಂಗಕ್ಕೆ ಬಿಗಿಯುವ ಚರ್ಮಕ್ಕೂ ನಾವು ಆ ಒಂದೇ ಮಾತನ್ನು ಬಳಸುತ್ತೇವೆ. ಹದ ಬರಲು ಕಾಲ ಬೇಕು. ಬಂದದ್ದನ್ನು ಗುರುತಿಸುವ ಕೈಯೂ ಬೇಕು. ಕಲಾವಿದರ ಬದುಕಿನಲ್ಲಿ ಇಂಥ ಹದ ಯಾವಾಗ ಒದಗಿತೆಂದು ಬೊಟ್ಟುಮಾಡಿ ತೋರಿಸುವುದು ಸಾಮಾನ್ಯವಾಗಿ ಕಷ್ಟ. ಬೀಟಲ್ಸ್ ಎಂಬ ಇಂಗ್ಲಿಷ್ ರಾಕ್ ತಂಡದ ವಿಷಯದಲ್ಲಿ ಮಾತ್ರ ಚರಿತ್ರೆ ನಮಗೆ ಸಾಕಷ್ಟು ನಿಖರವಾದ ದಿನಾಂಕಗಳನ್ನು ಉಳಿಸಿಕೊಟ್ಟಿದೆ. 1965ರ ಅಕ್ಟೋಬರ್ 12ರಿಂದ ನವೆಂಬರ್ 11ರವರೆಗೆ ಲಂಡನ್ನಿನ ಆಬಿ ರೋಡಿನಲ್ಲಿದ್ದ ಇ.ಎಂ.ಐ. ಸ್ಟುಡಿಯೋದಲ್ಲಿ ಆ ತಂಡ ಧ್ವನಿಮುದ್ರಿಸಿದ ‘ರಬ್ಬರ್ ಸೋಲ್’ ಆಲ್ಬಂ ಅದೇ ವರ್ಷದ ಡಿಸೆಂಬರ್ 3ರಂದು ಹೊರಬಂದಿತು. ಕುಣಿಸುವ ಹಾಡುಗಳ ತಂಡವೆಂದು ಹೆಸರಾದವರು ಕುಳಿತು ಕೇಳಬೇಕಾದ ಹಾಡುಗಳ ತಂಡವಾದದ್ದು ಇಲ್ಲಿ ಎಂಬ ಮಾತನ್ನು ಸಂಗೀತದ ಚರಿತ್ರೆ ಬರೆದವರು ಮತ್ತೆ ಮತ್ತೆ ಹೇಳಿದ್ದಾರೆ. ಆ ಮಾತನ್ನು ಒಪ್ಪಿಕೊಂಡೇ, ಇಲ್ಲಿ ಪ್ರೌಢಿಮೆ ಎಂದರೇನು, ಅದು ಎಲ್ಲಿಂದ ಬಂತು, ಎಷ್ಟರಮಟ್ಟಿಗೆ ಬಂತು ಎಂಬುದನ್ನು ನೋಡುವುದು ಈ ಲೇಖನದ ಉದ್ದೇಶ.

ಹಿನ್ನೆಲೆಯನ್ನು ಮೊದಲು ನೆನೆಯಬೇಕು. ಲಿವರ್‌ಪೂಲ್ ಎಂಬ ಬಂದರು ನಗರದ ನಾಲ್ವರು ಯುವಕರಾದ ಜಾನ್ ಲೆನನ್, ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್ ಮತ್ತು ರಿಂಗೊ ಸ್ಟಾರ್ ತಮ್ಮ ಮೊದಲ ಆಲ್ಬಂನ ಹದಿನಾಲ್ಕು ಹಾಡುಗಳಲ್ಲಿ ಹತ್ತನ್ನು 1963ರ ಫೆಬ್ರವರಿ 11ರ ಒಂದೇ ದಿನದಲ್ಲಿ ಹಾಡಿ ಮುಗಿಸಿದ್ದರು. ಮರುವರ್ಷದ ಫೆಬ್ರವರಿಯಲ್ಲಿ ಅವರು ಅಮೆರಿಕದ ಎಡ್ ಸಲಿವನ್ ಟೆಲಿವಿಷನ್ ಕಾರ್ಯಕ್ರಮದಲ್ಲಿ ಹಾಡಿದಾಗ ಸುಮಾರು 7 ಕೋಟಿ 30 ಲಕ್ಷ ಜನ ನೋಡಿದರೆಂದು ಅಂದಾಜು. ಅಲ್ಲಿಂದಾಚೆಗೆ ವರ್ಷಕ್ಕೆ ಎರಡು ಆಲ್ಬಂ, ಅವುಗಳ ಹೊರಗೆ ಬೇರೆ ಬಿಡಿ ಹಾಡುಗಳು, ಒಂದು ಚಲನಚಿತ್ರ, ಊರೂರು ಸುತ್ತುವ ಕಛೇರಿಗಳು, ರೇಡಿಯೋ, ಸಂದರ್ಶನ. 1965ರ ಆಗಸ್ಟ್ 15ರಂದು ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ 55,000ಕ್ಕೂ ಹೆಚ್ಚು ಜನರೆದುರು ಅವರು ನುಡಿಸಿದರು. ಅಭಿಮಾನಿಗಳ ಕಿರುಚಾಟದಲ್ಲಿ ವೇದಿಕೆಯ ಮೇಲಿದ್ದವರಿಗೆ ತಮ್ಮ ಹಾಡು ತಮಗೇ ಕೇಳಿಸುತ್ತಿರಲಿಲ್ಲ. ಸಂಗೀತಗಾರನಿಗೆ ಇದಕ್ಕಿಂತ ವಿಚಿತ್ರವಾದ ಕೀರ್ತಿ ಇನ್ನೊಂದಿರಲಾರದು. ಶ್ರುತಿ ತಪ್ಪಿದರೂ ಜಯಕಾರ, ಸೇರಿದರೂ ಅದೇ ಜಯಕಾರ. ಅಂಥ ಕೀರ್ತಿಯಲ್ಲಿ ಕಲಿಯುವುದಕ್ಕೆ ಏನೂ ಉಳಿಯುವುದಿಲ್ಲ.

ಅಮೆರಿಕದ ಪ್ರವಾಸದಿಂದ ಮರಳಿದ ಅವರಿಗೆ ಕ್ರಿಸ್‌ಮಸ್ ಮಾರಾಟದ ಹೊತ್ತಿಗೆ ಹೊಸ ಆಲ್ಬಂ ಒದಗಿಸುವ ಹೊಣೆ ಕಾದಿತ್ತು. ಕೈಯಲ್ಲಿ ಸಿದ್ಧವಿದ್ದ ಹಾಡುಗಳು ತೀರ ಕಡಮೆ. ಆದರೆ ಈ ಬಾರಿ ಒಂದು ಅನುಕೂಲವಿತ್ತು. ಕಛೇರಿಗಳ ನಡುವಣ ಬಿಡುವಿನಲ್ಲಿ ಓಡಿಬಂದು ಹಾಡುವ ಬದಲು ಬಹುಮಟ್ಟಿಗೆ ಒಂದೇ ಸಮನೆ ಸ್ಟುಡಿಯೋದಲ್ಲಿ ಕುಳಿತು ಕೆಲಸ ಮಾಡುವ ಅವಕಾಶ ಅವರಿಗೆ ಮೊದಲ ಸಲ ದೊರೆಯಿತು. ನಡುವೆ ಅಕ್ಟೋಬರ್ 26ರಂದು ಬಕಿಂಗ್‌ಹ್ಯಾಂ ಅರಮನೆಗೆ ಹೋಗಿ ರಾಣಿಯಿಂದ ಎಂಬಿಇ ಪದಕ ಪಡೆದು ಬಂದದ್ದೂ ಉಂಟು. ಕೆಲಸ ಆರಂಭವಾದಾಗ ಲೆನನ್‌ಗೆ ಇಪ್ಪತ್ತೈದು ತುಂಬಿ ಮೂರೇ ದಿನಗಳಾಗಿದ್ದವು. ಮೆಕಾರ್ಟ್ನಿಗೆ ಇಪ್ಪತ್ಮೂರು, ಹ್ಯಾರಿಸನ್‌ಗೆ ಇಪ್ಪತ್ತೆರಡು. ಪ್ರೌಢಿಮೆಯ ಮಾತನಾಡುವಾಗ ಈ ವಯಸ್ಸುಗಳನ್ನು ಮರೆಯಬಾರದು.

ಆ ಕಾಲದ ಜನಪ್ರಿಯ ಸಂಗೀತದಲ್ಲಿ ಎಲ್‌ಪಿ ತಟ್ಟೆಗೆ ಇದ್ದ ಸ್ಥಾನವನ್ನೂ ಇಲ್ಲಿ ಗಮನಿಸಬೇಕು. ಮಾರುಕಟ್ಟೆಯ ರಾಜ ನಿಮಿಷಕ್ಕೆ 45 ಸುತ್ತು ತಿರುಗುವ ಪುಟ್ಟ ತಟ್ಟೆ, ಅಂದರೆ ಎರಡು ಹಾಡುಗಳ ಸಿಂಗಲ್. ಎಲ್‌ಪಿ ಎಂಬುದು ಎರಡು ಮೂರು ಗೆದ್ದ ಹಾಡುಗಳ ಜೊತೆಗೆ ಇತರರ ಹಾಡುಗಳನ್ನು ಸೇರಿಸಿ ತುಂಬಿದ ಬುಟ್ಟಿಯಂತಿತ್ತು. ಬೀಟಲ್ಸ್ ತಂಡದ ಹಿಂದಿನ ಎರಡು ಆಲ್ಬಂಗಳಲ್ಲೂ ಬೇರೆಯವರ ರಚನೆಗಳಿದ್ದವು. ‘ರಬ್ಬರ್ ಸೋಲ್’ನ ಹದಿನಾಲ್ಕು ಹಾಡುಗಳೂ ಅವರವೇ. ಅದು ಬಿಡುಗಡೆಯಾದ ದಿನವೇ ಹೊರಬಂದ ಸಿಂಗಲ್‌ನ ಎರಡು ಹಾಡುಗಳು ಖಚಿತವಾಗಿ ಗೆಲ್ಲುವಂಥವು. ಅವನ್ನು ಆಲ್ಬಂಗೆ ಸೇರಿಸಲಿಲ್ಲ. ಆಲ್ಬಂ ತನ್ನ ಕಾಲ ಮೇಲೆ ತಾನು ನಿಂತಿತು. ಅದರ ನಿರ್ಮಾಪಕ ಜಾರ್ಜ್ ಮಾರ್ಟಿನ್ ಮುಂದೆ ನೆನಪಿಸಿಕೊಂಡಂತೆ, ಆಲ್ಬಂ ಎಂಬುದು ತನ್ನಷ್ಟಕ್ಕೆ ಪೂರ್ಣವಾದ ಕಲಾಕೃತಿಯಾಗಬಲ್ಲದೆಂದು ಅವರು ಯೋಚಿಸತೊಡಗಿದ್ದು ಇಲ್ಲಿಂದ. ಬಿಡಿ ಮುಕ್ತಕಗಳನ್ನು ಬರೆಯುತ್ತಿದ್ದ ಕವಿ ಒಂದು ಸಂಕಲನದ ಒಳಸಂಬಂಧವನ್ನು ಕಾಣತೊಡಗಿದಂತೆ.

ಸ್ಟುಡಿಯೋದೊಳಗೆ ಏನು ಬದಲಾಯಿತು? ಆಗ ಅವರಿಗೆ ದೊರೆಯುತ್ತಿದ್ದದ್ದು ನಾಲ್ಕು ಟ್ರ್ಯಾಕಿನ ಟೇಪು ಯಂತ್ರ. ಒಂದು ಪಟ್ಟಿಯಲ್ಲಿ ತಾಳವಾದ್ಯ, ಇನ್ನೊಂದರಲ್ಲಿ ಗಿಟಾರು, ಮತ್ತೊಂದರಲ್ಲಿ ಕಂಠ ಹೀಗೆ ಪದರ ಪದರವಾಗಿ ಹಾಡನ್ನು ಕಟ್ಟಬಹುದಿತ್ತು. ಈ ಯಂತ್ರ ಅವರಿಗೆ ಹೊಸದೇನಲ್ಲ. ಅದರ ಮುಂದೆ ಕಳೆಯುವ ಹೊತ್ತು ಹೊಸದು. ಅಕ್ಟೋಬರ್ 13ರಂದು ‘ಡ್ರೈವ್ ಮೈ ಕಾರ್’ ಹಾಡಿನ ಕೆಲಸ ಮಧ್ಯರಾತ್ರಿಯನ್ನು ದಾಟಿತು. ಅವರ ಧ್ವನಿಮುದ್ರಣ ಹಾಗೆ ದಿನಾಂಕ ದಾಟಿದ್ದು ಅದೇ ಮೊದಲು. ಓಟಿಸ್ ರೆಡಿಂಗ್ ಎಂಬ ಅಮೆರಿಕದ ಕರಿಯ ಗಾಯಕನ ಹಾಡೊಂದನ್ನು ಕೇಳಿಕೊಂಡಿದ್ದ ಹ್ಯಾರಿಸನ್ ಅದರಂತೆ ಗಿಟಾರೂ ಬೇಸ್ ಗಿಟಾರೂ ಒಂದೇ ಎಳೆಯನ್ನು ಜೊತೆಜೊತೆಯಾಗಿ ನುಡಿಸುವ ಸಲಹೆ ಕೊಟ್ಟ. ಹ್ಯಾರಿಸನ್ ಬರೆದ ‘ಥಿಂಕ್ ಫಾರ್ ಯುವರ್‌ಸೆಲ್ಫ್’ ಹಾಡಿನಲ್ಲಿ ಮೆಕಾರ್ಟ್ನಿ ತನ್ನ ಬೇಸ್ ಗಿಟಾರಿನ ನಾದವನ್ನು ಬೇಕೆಂದೇ ಒಡಕುಗೊಳಿಸಿ, ಜೀರುಂಡೆಯ ಮೊರೆತದಂಥ ಧ್ವನಿ ಹೊರಡಿಸಿದ.

ಇವುಗಳಲ್ಲೆಲ್ಲ ಹೆಚ್ಚು ನೆನಪಿನಲ್ಲುಳಿಯುವುದು ‘ಇನ್ ಮೈ ಲೈಫ್’ ಹಾಡಿನ ನಡುವಿನ ತುಣುಕು. ಅಲ್ಲಿ ಏನೋ ಒಂದು ವಾದ್ಯ ಬೇಕೆಂದು ಲೆನನ್‌ಗೆ ಅನ್ನಿಸಿತ್ತು, ಯಾವುದೆಂದು ಗೊತ್ತಿರಲಿಲ್ಲ. ಹದಿನೆಂಟನೆಯ ಶತಮಾನದ ಯೂರೋಪಿನ ಶೈಲಿಯಲ್ಲಿ ಮಾರ್ಟಿನ್ ಒಂದು ಪಿಯಾನೋ ರಚನೆ ಬರೆದರು. ಅದನ್ನು ಹಾಡಿನ ವೇಗಕ್ಕೆ ನುಡಿಸುವುದು ಅವರ ಬೆರಳುಗಳಿಗೆ ಎಟುಕಲಿಲ್ಲ. ಆಗ ಟೇಪನ್ನು ಅರ್ಧ ವೇಗದಲ್ಲಿ ಓಡಿಸಿ, ನಿಧಾನವಾಗಿ, ಒಂದು ಸ್ಥಾಯಿ ಕೆಳಗೆ ನುಡಿಸಿ, ಮತ್ತೆ ಪೂರ್ಣ ವೇಗಕ್ಕೆ ತಂದರು. ಸ್ವರಗಳು ಒಂದು ಸ್ಥಾಯಿ ಮೇಲೇರಿದವು. ಪಿಯಾನೋ ಹಳೆಯ ಕಾಲದ ಹಾರ್ಪ್ಸಿಕಾರ್ಡ್‌ನಂತೆ ಗಿಣಿಗುಟ್ಟಿತು. ಬೆರಳಿನ ಮಿತಿಯಿಂದ ಹುಟ್ಟಿದ ಉಪಾಯ ಹಾಡಿನ ಭಾವಕ್ಕೆ ಒಪ್ಪಿತು. ನೆನಪಿನ ಕುರಿತ ಹಾಡಿನಲ್ಲಿ ಕಾಲವನ್ನೇ ಹಿಗ್ಗಿಸಿ ಕುಗ್ಗಿಸಿದ ನಾದ ಅದು. ಅಲ್ಲಿಯವರೆಗೆ ಕೋಣೆಯಲ್ಲಿ ನಡೆದದ್ದನ್ನು ಹಿಡಿದಿಡುವ ಪೆಟ್ಟಿಗೆಯಾಗಿದ್ದ ಟೇಪು ಯಂತ್ರ ಇಲ್ಲಿ ತಾನೂ ಒಂದು ವಾದ್ಯವಾಯಿತು.

ಅದೇ ಹಾಡಿನ ಸಾಹಿತ್ಯದ ಕಥೆ ನಮ್ಮಂಥ ಊರು ಬಿಟ್ಟವರಿಗೆ ಇನ್ನೂ ಹತ್ತಿರದ್ದು. ಲೆನನ್ ಮೊದಲು ಬರೆದದ್ದು ತನ್ನ ಲಿವರ್‌ಪೂಲಿನ ಮನೆಯಿಂದ ನಗರದ ನಡುವಿಗೆ ಹೋಗುವ ಬಸ್ಸಿನ ದಾರಿಯನ್ನು. ದಾರಿಯುದ್ದಕ್ಕೂ ಸಿಗುವ ಸ್ಥಳಗಳನ್ನು ಒಂದೊಂದಾಗಿ ಹೆಸರಿಸುತ್ತ ಹೋದ. ಬರೆದು ನೋಡಿದಾಗ ಅದು ಶಾಲೆಯ ಮಗು ಬರೆದ ರಜೆಯ ಪ್ರಬಂಧದಂತೆ ನೀರಸವಾಗಿ ಕಂಡಿತು. ಹೆಸರುಗಳನ್ನೆಲ್ಲ ತೆಗೆದುಹಾಕಿದ. ಹೆಸರು ಹೋಗಿ ಸ್ಥಳಗಳ ಕುರಿತ ಭಾವ ಮಾತ್ರ ಉಳಿಯಿತು. ಆದ್ದರಿಂದಲೇ ಲಿವರ್‌ಪೂಲನ್ನು ಕಾಣದವರಿಗೂ ಅದು ತಮ್ಮ ಊರಿನ ಹಾಡಾಯಿತು. ಧಾರವಾಡವನ್ನೋ ಮಂಗಳೂರನ್ನೋ ಬಿಟ್ಟು ಮುಂಬಯಿ, ಪುಣೆ, ದೆಹಲಿಗಳಲ್ಲಿ ನೆಲೆಸಿ, ಹಳೆಯ ಬೀದಿಗಳ ಪಟ್ಟಿಯನ್ನು ಮನಸ್ಸಿನಲ್ಲೇ ಓದಿಕೊಳ್ಳುವ ನಮಗೆ ಈ ಕಸುಬಿನ ಪಾಠ ಬೇಗ ಅರ್ಥವಾಗುತ್ತದೆ. ಪಟ್ಟಿ ಬರೆಯುವುದು ಹಂಬಲ. ಪಟ್ಟಿಯನ್ನು ಹೊಡೆದುಹಾಕುವುದು ಕಲೆ. ಇಪ್ಪತ್ತೈದು ವರ್ಷದವನೊಬ್ಬ ಹಿಂತಿರುಗಿ ನೋಡುವ ಹಾಡು ಬರೆದದ್ದಕ್ಕಿಂತ, ಬರೆದದ್ದನ್ನು ಅಳಿಸಲು ಕಲಿತದ್ದು ನಮಗೆ ದೊಡ್ಡದಾಗಿ ಕಾಣುತ್ತದೆ.

ಉಳಿದ ಹಾಡುಗಳಲ್ಲೂ ಮಾತಿನ ಧಾಟಿ ಬದಲಾಗಿದೆ. ಹಿಂದಿನ ಹಾಡುಗಳಲ್ಲಿ ‘ನಾನು’ ಮತ್ತು ‘ನೀನು’ ಎಂಬ ಎರಡೇ ಪಾತ್ರಗಳು. ಅವರ ನಡುವೆ ಕೈಹಿಡಿಯುವ ಆಸೆ, ಪತ್ರ ಬರೆಯುವ ಮಾತು. ಇಲ್ಲಿ ‘ಯೂ ವೋಂಟ್ ಸೀ ಮಿ’, ‘ಐ ಆಮ್ ಲುಕಿಂಗ್ ಥ್ರೂ ಯೂ’ ಎಂಬ ಮೆಕಾರ್ಟ್ನಿಯ ಹಾಡುಗಳಲ್ಲಿ ಪ್ರೇಮ ಜಗಳಕ್ಕೆ ತಿರುಗಿದೆ, ಎದುರಿನ ವ್ಯಕ್ತಿ ತನ್ನದೇ ಇಚ್ಛೆಯುಳ್ಳವಳಾಗಿದ್ದಾಳೆ. ‘ನೋವೇರ್ ಮ್ಯಾನ್’ ಹಾಡಿನಲ್ಲಿ ಪ್ರೇಮದ ಪ್ರಸ್ತಾಪವೇ ಇಲ್ಲ. ಗಂಟೆಗಟ್ಟಲೆ ಕುಳಿತು ಏನೂ ಹೊಳೆಯದೆ, ಪ್ರಯತ್ನ ಬಿಟ್ಟು ಮಲಗಿದಾಗ ಈ ಹಾಡು ಪೂರ್ತಿಯಾಗಿ ಬಂತೆಂದು ಲೆನನ್ ಹೇಳಿಕೊಂಡಿದ್ದಾನೆ. ಎಲ್ಲಿಯೂ ಸಲ್ಲದ, ಯಾವ ನಿಲುವೂ ಇಲ್ಲದ ಆ ಮನುಷ್ಯ ಬೇರಾರೂ ಅಲ್ಲ, ಲೋಕವೆಲ್ಲ ಕೊಂಡಾಡುತ್ತಿದ್ದ ಲೆನನ್ನೇ. ಜಯದ ಶಿಖರದಲ್ಲಿ ತನ್ನ ಟೊಳ್ಳನ್ನು ತಾನೇ ಹಾಡಿಕೊಳ್ಳುವ ಈ ಧೈರ್ಯ ಅಂದಿನ ಜನಪ್ರಿಯ ಸಂಗೀತದಲ್ಲಿ ಅಪರೂಪದ್ದು.

ಇನ್ನು ‘ನಾರ್ವೀಜಿಯನ್ ವುಡ್’ ಮತ್ತು ಸಿತಾರು. ತನ್ನ ಗುಟ್ಟಿನ ಪ್ರಣಯವೊಂದನ್ನು ಹೆಂಡತಿಗೆ ತಿಳಿಯದಂತೆ ಮರೆಮಾಚಿ ಲೆನನ್ ಬರೆಯತೊಡಗಿದ ಹಾಡು ಇದು. ಅಂದು ಲಂಡನ್ನಿನ ಮನೆಗಳಲ್ಲಿ ಫ್ಯಾಶನ್ ಆಗಿದ್ದ ಅಗ್ಗದ ಪೈನ್ ಮರದ ಹಲಗೆಗಳಿಂದ ಹೆಸರು ಪಡೆಯಿತು. ಅದೇ ವರ್ಷ ‘ಹೆಲ್ಪ್’ ಚಿತ್ರೀಕರಣದ ವೇಳೆ, ಭಾರತೀಯ ಹೋಟೆಲಿನ ದೃಶ್ಯವೊಂದರಲ್ಲಿ ಹ್ಯಾರಿಸನ್ ಮೊದಲ ಬಾರಿಗೆ ಸಿತಾರನ್ನು ಕಂಡಿದ್ದ. ಅಮೆರಿಕದ ‘ಬರ್ಡ್ಸ್’ ತಂಡದ ಗೆಳೆಯರು ರವಿಶಂಕರರ ಹೆಸರನ್ನು ಅವನ ಕಿವಿಗೆ ಹಾಕಿದ್ದರು. ಲಂಡನ್ನಿನ ‘ಇಂಡಿಯಾಕ್ರಾಫ್ಟ್’ ಅಂಗಡಿಯಿಂದ ಸಾಧಾರಣವಾದ ಸಿತಾರೊಂದನ್ನು ಕೊಂಡು ತಂದ. ಹಾಡು ಸಪ್ಪೆಯಾಗಿದೆ, ಏನಾದರೂ ಬೇಕು ಎಂದಾಗ ಅದನ್ನೆತ್ತಿ, ಗಿಟಾರಿನಲ್ಲಿ ನುಡಿಸುವ ಧಾಟಿಯನ್ನೇ ಅದರ ಮೇಲೆ ಹುಡುಕಿದ. ಕೆಲಸದ ನಡುವೆ ತಂತಿ ಕಡಿಯಿತು.

ಇಲ್ಲಿ ಕನ್ನಡನಾಡಿಗೆ ಸೇರಿದವರೊಬ್ಬರು ಈ ಚರಿತ್ರೆಯೊಳಗೆ ಬರುತ್ತಾರೆ. ಇಂದಿನ ಕರ್ನಾಟಕದ ಜಕನೂರು ಎಂಬ ಹಳ್ಳಿಯಲ್ಲಿ 1903ರಲ್ಲಿ ಹುಟ್ಟಿ, ಮುಂಬಯಿ ವಿಶ್ವವಿದ್ಯಾಲಯದಲ್ಲಿ ಓದಿ, 1924ರಲ್ಲಿ ಲಂಡನ್ನಿಗೆ ಹೋಗಿ ನೆಲೆಸಿದ್ದ ಅಯನ ದೇವ ಅಂಗಡಿ ಅವರು. ಚಿತ್ರಕಲಾವಿದೆಯಾಗಿದ್ದ ಪತ್ನಿ ಪೆಟ್ರೀಷಿಯಾ ಅವರೊಡನೆ ಅಂಗಡಿಯವರು ‘ಏಷ್ಯನ್ ಮ್ಯೂಸಿಕ್ ಸರ್ಕಲ್’ ಎಂಬ ಸಂಸ್ಥೆಯನ್ನು ಕಟ್ಟಿ, ಭಾರತೀಯ ಸಂಗೀತಗಾರರಿಗೆ ಆ ನಗರದಲ್ಲಿ ವೇದಿಕೆ ಕಲ್ಪಿಸುತ್ತಿದ್ದರು. ವಿಶ್ವವಿಖ್ಯಾತ ಪಿಟೀಲು ವಾದಕ ಯೆಹೂದಿ ಮೆನುಹಿನ್ ಅದರ ಅಧ್ಯಕ್ಷರಾಗಿದ್ದರು. ಈ ಸಂಸ್ಥೆಯ ವಾದಕರನ್ನು ಹಿಂದೆ ಬಳಸಿಕೊಂಡಿದ್ದ ಮಾರ್ಟಿನ್ ಅವರನ್ನೇ ಕೇಳಿನೋಡಿ ಎಂದರು. ಅಂಗಡಿ ಕುಟುಂಬದವರು ನೆನಪಿಸಿಕೊಂಡಂತೆ, ಮನೆಯಲ್ಲಿ ತಂತಿಯಿತ್ತು; ಕುಟುಂಬವೆಲ್ಲ ಅದನ್ನು ಹಿಡಿದುಕೊಂಡು ಸ್ಟುಡಿಯೋಗೆ ಹೋಯಿತು. ಪೆಟ್ರೀಷಿಯಾ ಅಲ್ಲಿ ಕುಳಿತು ಸಂಗೀತಗಾರರ ರೇಖಾಚಿತ್ರ ಬರೆದರಂತೆ. ಹೊರನಾಡಿನಲ್ಲಿ ಸಂಘ ಕಟ್ಟಿದವರಿಗೆಲ್ಲ ಈ ಚಿತ್ರ ಪರಿಚಿತ. ಸಂಘವೆಂದರೆ ಉತ್ಸವಗಳಷ್ಟೇ ಅಲ್ಲ. ಎಲ್ಲಿಯೂ ಸಿಗದ ವಸ್ತುವೊಂದು ಬೇಕಾದಾಗ ‘ಅವರನ್ನು ಕೇಳಿ’ ಎಂದು ಹೇಳುವಂಥ ಒಂದು ಮನೆ.

ಹೀಗೆ ಮುದ್ರಿತವಾದ ‘ನಾರ್ವೀಜಿಯನ್ ವುಡ್’, ರಾಕ್ ತಂಡವೊಂದು ತಾನೇ ಸಿತಾರು ನುಡಿಸಿ ಹೊರತಂದ ಮೊದಲ ಹಾಡೆಂದು ಸಾಮಾನ್ಯವಾಗಿ ಗಣಿಸಲ್ಪಡುತ್ತದೆ. ನಾವು ಇದರಿಂದ ಹಿಗ್ಗುವ ಮೊದಲು ನಿಷ್ಠುರವಾಗಿ ಕೇಳಬೇಕು. ಅಲ್ಲಿ ರಾಗವಿಲ್ಲ, ಆಲಾಪವಿಲ್ಲ, ಮೀಂಡ್ ಇಲ್ಲ. ಶಾಸ್ತ್ರ ಬಲ್ಲವರಿಗೆ ಅದು ಮೊದಲ ತಿಂಗಳ ವಿದ್ಯಾರ್ಥಿಯ ಕೈ. ರವಿಶಂಕರರಿಗೂ ಆ ನುಡಿಸಾಣಿಕೆ ಹಿಡಿಸಲಿಲ್ಲ. ಭಾರತದ ಸಂಗೀತ ಪಶ್ಚಿಮವನ್ನು ಗೆದ್ದಿತು ಎಂದು ಈ ಹಾಡನ್ನು ಮುಂದಿಟ್ಟು ಹೇಳುವುದು ಹುಸಿ ಹೆಮ್ಮೆ. ಹಾಡು ಸಿತಾರಿನಿಂದ ಪಡೆದದ್ದು ಒಂದು ಬಣ್ಣವನ್ನು. ಆದರೆ ಆ ಬಣ್ಣಕ್ಕೆ ಮರುಳಾದ ವಾದಕ ಅಲ್ಲಿಗೇ ನಿಲ್ಲಲಿಲ್ಲ ಎಂಬುದು ಮುಂದಿನ ಕಥೆ. ಅದಕ್ಕೆ ಮತ್ತೆ ಬರುತ್ತೇವೆ.

ಆಲ್ಬಂನ ಹೆಸರಿನಲ್ಲೂ ಇಂಥದೇ ಆತ್ಮವಿಮರ್ಶೆ ಅಡಗಿದೆ. ಅಮೆರಿಕದ ಕರಿಯರ ‘ಸೋಲ್’ ಸಂಗೀತವನ್ನು ಅನುಕರಿಸುವ ಬಿಳಿಯರನ್ನು ಕುರಿತು ‘ಪ್ಲಾಸ್ಟಿಕ್ ಸೋಲ್’ ಎಂಬ ಅಣಕದ ಮಾತು ಆಗ ಸಂಗೀತಗಾರರ ನಡುವೆ ಚಾಲ್ತಿಯಲ್ಲಿತ್ತು. ಮೆಕಾರ್ಟ್ನಿ ಅದನ್ನು ತಿರುಚಿ ‘ರಬ್ಬರ್ ಸೋಲ್’ ಎಂದ. ಇಂಗ್ಲಿಷಿನಲ್ಲಿ ‘ಸೋಲ್’ ಎಂಬ ಉಚ್ಚಾರಕ್ಕೆ ಆತ್ಮ ಎಂಬ ಅರ್ಥವೂ ಇದೆ, ಬೂಟಿನ ಅಟ್ಟೆ ಎಂಬ ಅರ್ಥವೂ ಇದೆ. ತಮ್ಮ ಸಂಗೀತದ ಬೇರು ಯಾರದೆಂದು ಅವರಿಗೆ ಗೊತ್ತಿತ್ತು. ತಾವು ಎಷ್ಟು ಅಸಲು, ಎಷ್ಟು ನಕಲು ಎಂಬ ಪ್ರಶ್ನೆಯನ್ನು ತಮ್ಮ ಆಲ್ಬಂನ ಹೊದಿಕೆಯ ಮೇಲೆ ತಾವೇ ಅಚ್ಚುಮಾಡಿಸಿದರು. ಹೊದಿಕೆಯ ಚಿತ್ರದ್ದೂ ಒಂದು ಕಥೆ. ಛಾಯಾಗ್ರಾಹಕ ರಾಬರ್ಟ್ ಫ್ರೀಮನ್ ತಾನು ತೆಗೆದ ಚಿತ್ರಗಳನ್ನು ಆಲ್ಬಂನಷ್ಟೇ ಅಳತೆಯ ರಟ್ಟಿನ ಮೇಲೆ ಬಿಂಬಿಸಿ ತೋರಿಸುತ್ತಿದ್ದಾಗ ರಟ್ಟು ಹಿಂದಕ್ಕೆ ವಾಲಿ, ನಾಲ್ವರ ಮುಖಗಳೂ ಉದ್ದಕ್ಕೆ ಎಳೆದಂತಾದವು. ಹಾಗೆಯೇ ಅಚ್ಚಾಗಲಿ ಎಂದು ಅವರು ಕೇಳಿಕೊಂಡರು. ಮುಖಪುಟದ ಮೇಲೆ ತಂಡದ ಹೆಸರೇ ಇಲ್ಲ. ಮುಗುಳ್ನಗುವ ಹುಡುಗರನ್ನು ಬಯಸಿ ಬಂದ ಅಭಿಮಾನಿಗೆ ಎದುರಾದದ್ದು ಎಳೆದುಹೋದ, ಗಂಭೀರವಾದ ಮುಖಗಳು.

ಇಷ್ಟೆಲ್ಲ ಹೇಳಿದ ಮೇಲೆ, ಈ ಆಲ್ಬಂನ ಕೊನೆಯ ಹಾಡನ್ನು ಮರೆಮಾಚಿದರೆ ನಮ್ಮ ಮೆಚ್ಚುಗೆ ಬರಿಯ ಭಕ್ತಿಯಾಗುತ್ತದೆ. ‘ರನ್ ಫಾರ್ ಯುವರ್ ಲೈಫ್’ ಎಂಬ ಆ ಹಾಡಿನಲ್ಲಿ ಗಂಡೊಬ್ಬ ತನ್ನ ಪ್ರೇಯಸಿಯನ್ನು, ಬೇರೊಬ್ಬನ ಜೊತೆ ಕಂಡರೆ ಕೊಂದೇನೆಂದು ಬೆದರಿಸುತ್ತಾನೆ. ಎಲ್ವಿಸ್ ಪ್ರೀಸ್ಲಿಯ ಹಳೆಯ ಹಾಡೊಂದರ ಸಾಲಿನಿಂದ ಲೆನನ್ ಅದನ್ನು ಬೆಳೆಸಿದ್ದ. ಮುಂದೆ ತಾನೇ ಆ ಹಾಡನ್ನು ಒಲ್ಲೆನೆಂದ. ಧ್ವನಿಮುದ್ರಣದ ಮೊದಲ ದಿನ ಮೊದಲು ಕೈಗೆತ್ತಿಕೊಂಡದ್ದು ಇದನ್ನೇ; ಆಲ್ಬಂ ಮುಗಿಯುವುದೂ ಇದರಿಂದಲೇ. ಹೆಣ್ಣಿನ ಸ್ವತಂತ್ರ ಇಚ್ಛೆಯನ್ನು ಗುರುತಿಸುವ ಹಾಡುಗಳ ಬೆನ್ನಿಗೇ ಅದನ್ನು ಸಹಿಸದ ಹಾಡು. ‘ನಾರ್ವೀಜಿಯನ್ ವುಡ್’ನ ಕೊನೆಯಲ್ಲೂ, ಮೆಕಾರ್ಟ್ನಿಯ ವಿವರಣೆಯಂತೆ, ನಿರಾಶನಾದ ಗಂಡು ಅವಳ ಮನೆಗೆ ಬೆಂಕಿಯಿಡುತ್ತಾನೆ. ನಾದದಲ್ಲಿ ಬಂದ ಹದ ಬಾಳಿನಲ್ಲಿ ಇನ್ನೂ ಬಂದಿರಲಿಲ್ಲ. ಕಲೆಯ ಪ್ರೌಢಿಮೆ ಹೊಲದ ಬೆಳೆಯಂತೆ ಎಲ್ಲ ಕಡೆ ಒಂದೇ ಸಮನೆ ಮಾಗುವುದಿಲ್ಲ. ಒಂದು ಮೂಲೆಯಲ್ಲಿ ತೆನೆ ಬಾಗಿರುವಾಗ ಇನ್ನೊಂದು ಮೂಲೆ ಹಸಿರಾಗಿಯೇ ಇರಬಹುದು.

ಆಲ್ಬಂ ಲೋಕವನ್ನು ತಲುಪಿದ ರೀತಿಯಲ್ಲಿ ಚರಿತ್ರೆಯ ಒಂದು ವ್ಯಂಗ್ಯವಿದೆ. ಅಮೆರಿಕದ ಕ್ಯಾಪಿಟಲ್ ಕಂಪನಿ ತನ್ನ ರೂಢಿಯಂತೆ ನಾಲ್ಕು ಹಾಡುಗಳನ್ನು ಕಿತ್ತು, ‘ಹೆಲ್ಪ್’ನಿಂದ ಉಳಿದಿದ್ದ ಎರಡನ್ನು ಸೇರಿಸಿ, ಹನ್ನೆರಡು ಹಾಡುಗಳ ಬೇರೆಯೇ ತಟ್ಟೆ ಮಾಡಿತು. ಬಿರುಸಿನ ‘ಡ್ರೈವ್ ಮೈ ಕಾರ್’ ಹೋಗಿ ಮೆಲುದನಿಯ ಜನಪದ ಗಿಟಾರಿನ ಹಾಡು ಮೊದಲಿಗೆ ಬಂತು. ಮಾಡಿದವರ ಉದ್ದೇಶವನ್ನು ಮುರಿದ ಈ ತಟ್ಟೆಯೇ ಅಲ್ಲಿನವರಿಗೆ ಒಂದೇ ಭಾವದ, ಬಿಗಿಯಾದ ಕೃತಿಯಾಗಿ ಕೇಳಿಸಿತು. ‘ಬೀಚ್ ಬಾಯ್ಸ್’ ತಂಡದ ಬ್ರಯನ್ ವಿಲ್ಸನ್ ಅದನ್ನು ಕೇಳಿ, ಸಪ್ಪೆ ಹಾಡೊಂದೂ ಇಲ್ಲದ ಆಲ್ಬಂ ತಾನೂ ಮಾಡಬೇಕೆಂದು ಹೊರಟ. 1966ರ ಮೇ ತಿಂಗಳಲ್ಲಿ ‘ಪೆಟ್ ಸೌಂಡ್ಸ್’ ಬಂತು. ಅದನ್ನು ಕೇಳಿದ ಬೀಟಲ್ಸ್ ತಂಡದ ಮರುನುಡಿಯಾಗಿ 1967ರ ‘ಸಾರ್ಜೆಂಟ್ ಪೆಪ್ಪರ್’ ಬಂತು. ಕೇಳುವುದು, ಕೇಳಿ ಉತ್ತರಿಸುವುದು ಹೀಗೆ ಸಮುದ್ರದಾಚೆಗೂ ಈಚೆಗೂ ನಡೆಯಿತು.

ಕ್ರೀಡಾಂಗಣದಲ್ಲಿ ತಮ್ಮ ದನಿ ತಮಗೆ ಕೇಳದಂತಾಗಿದ್ದವರು ಆಬಿ ರೋಡಿನ ಕೋಣೆಯಲ್ಲಿ ಮತ್ತೆ ಕೇಳಲು ಕಲಿತರು. ರೆಡಿಂಗ್‌ನನ್ನು, ಬರ್ಡ್ಸ್ ತಂಡವನ್ನು, ಬಾಬ್ ಡಿಲನ್‌ನನ್ನು, ಒಬ್ಬರನ್ನೊಬ್ಬರು, ಕೊನೆಗೆ ತಮ್ಮ ಟೊಳ್ಳನ್ನೂ ಕೇಳಿಸಿಕೊಂಡರು. ‘ರಬ್ಬರ್ ಸೋಲ್’ನ ಪ್ರೌಢಿಮೆ ಇದೇ ಎಂದು ನಮ್ಮ ತಿಳಿವಳಿಕೆ. ಒಮ್ಮೆ ಅದು ಬಂದ ಮೇಲೆ ಹಳೆಯ ಬದುಕು ಸಲ್ಲಲಿಲ್ಲ. ಆಲ್ಬಂ ಬಿಡುಗಡೆಯಾದ ದಿನವೇ ಗ್ಲಾಸ್ಗೊ ನಗರದಲ್ಲಿ ಆರಂಭವಾದ ಬ್ರಿಟನ್ ಪ್ರವಾಸ ಅವರ ಕೊನೆಯ ಬ್ರಿಟನ್ ಪ್ರವಾಸವಾಯಿತು. 1966ರ ಆಗಸ್ಟ್ 29ರಂದು ಸ್ಯಾನ್ ಫ್ರಾನ್ಸಿಸ್ಕೋದ ಕಛೇರಿಯೊಂದಿಗೆ ಊರೂರು ಸುತ್ತುವುದನ್ನೇ ನಿಲ್ಲಿಸಿದರು.

ಹ್ಯಾರಿಸನ್ ಈ ಕಲಿಕೆಯನ್ನು ಎಲ್ಲರಿಗಿಂತ ಮುಂದಕ್ಕೆ ಒಯ್ದ. 1966ರ ಜೂನ್‌ನಲ್ಲಿ ಅಂಗಡಿಯವರ ಮನೆಯಲ್ಲಿಯೇ ಅವನಿಗೆ ರವಿಶಂಕರರ ಭೇಟಿಯಾಯಿತು. ಅದೇ ಸೆಪ್ಟೆಂಬರ್‌ನಲ್ಲಿ ಮುಂಬಯಿಗೆ ಬಂದು ಅವರಲ್ಲಿ ಸಿತಾರಿನ ಪಾಠಕ್ಕೆ ಕುಳಿತ. 1968ರ ಜನವರಿಯಲ್ಲಿ ಮತ್ತೆ ಬಂದು, ಮುಂಬಯಿಯ ಎಚ್.ಎಂ.ವಿ. ಸ್ಟುಡಿಯೋದಲ್ಲಿ ಭಾರತೀಯ ವಾದಕರನ್ನು ಕೂರಿಸಿಕೊಂಡು ಧ್ವನಿಮುದ್ರಣ ಮಾಡಿದ. ಅದೇ ವರ್ಷ, ಬಾಲ್ಯದಿಂದ ಸಾಧನೆ ಮಾಡಿದವರ ಎದುರು ತಾನು ನಿಜವಾದ ಸಿತಾರು ವಾದಕನಾಗಲಾರೆನೆಂದು ಅರಿತು, ಗಿಟಾರಿಗೆ ಮರಳಿದ. ಬಣ್ಣಕ್ಕೆ ಮರುಳಾಗಿ ವಾದ್ಯವನ್ನೆತ್ತಿಕೊಂಡವನು ವಾದ್ಯದ ಆಳವನ್ನರಿತು ಅದನ್ನು ಕೆಳಗಿಟ್ಟ. ಎತ್ತಿಕೊಂಡದ್ದಕ್ಕಿಂತ ಕೆಳಗಿಟ್ಟದ್ದರಲ್ಲಿ ಹೆಚ್ಚಿನ ಗೌರವವಿತ್ತು. ರವಿಶಂಕರರೊಡನೆ ಅವನ ಸ್ನೇಹ ಮಾತ್ರ ಬದುಕಿನುದ್ದಕ್ಕೂ ಉಳಿಯಿತು.

ಈ ಆಲ್ಬಂ ಇಂದು ಎಲ್ಲರ ಕೈಗೂ ಎಟುಕುವಂಥದು. ಕೇಳಬಯಸುವವರು ಬ್ರಿಟನ್ನಿನ ಹದಿನಾಲ್ಕು ಹಾಡುಗಳ ಆವೃತ್ತಿಯನ್ನು, ಅದೇ ಕ್ರಮದಲ್ಲಿ ಕೇಳಬೇಕೆಂದು ನಮ್ಮ ಕೋರಿಕೆ. ಒಟ್ಟು ಮೂವತ್ತೈದು ನಿಮಿಷಗಳ ಕೆಲಸ. ಏಳನೆಯದಾದ ‘ಮಿಶೆಲ್’ ಮುಗಿದ ಮೇಲೆ, ತಟ್ಟೆ ಮಗುಚಿ ಹಾಕುವಷ್ಟು ಹೊತ್ತು, ಸ್ವಲ್ಪ ಬಿಡುವು ಕೊಡಿ. ಕೊನೆಯ ಹಾಡನ್ನು ಬಿಟ್ಟುಬಿಡಬೇಡಿ; ಹಸಿರಾಗಿಯೇ ಉಳಿದ ಆ ಮೂಲೆಯನ್ನೂ ನೋಡಿದರೆ ಉಳಿದ ಹೊಲ ಎಷ್ಟು ಮಾಗಿದೆಯೆಂದು ತಿಳಿಯುತ್ತದೆ.